ಮೊಹೆಂಜೊದಾರೊದ ಗಟಾರ

ಇತಿಹಾಸದ ತಾಸು ಬಂತೆಂದರೆ ಸ್ನೇಹಲ್ ಎದ್ದು ಕೊನೆಯ ಬೆಂಚಿಗೆ ಹೋಗಬೇಕು. ಹೋಗು ಎಂದು ಯಾರೂ ಬರೆದಿಟ್ಟಿರಲಿಲ್ಲ. ಗಣಿತಕ್ಕೆ ಎರಡನೆಯ ಬೆಂಚು, ಮರಾಠಿಗೆ ಎರಡನೆಯ ಬೆಂಚು, ಇತಿಹಾಸಕ್ಕೆ ಮಾತ್ರ ಕಿಟಕಿ ಪಕ್ಕದ ಕೊನೆಯದು. ಶಾಲೆ ಶುರುವಾದ ಎರಡನೆಯ ದಿನ ಸರಸ್ವತಿ ಟೀಚರ್ ಸೆರಗನ್ನು ಮೂಗಿಗೆ ಹಿಡಿದು, "ಯಾರಮ್ಮ ನೀನು? ಸ್ವಲ್ಪ ಕಿಟಕಿ ಹತ್ರ ಕೂತ್ಕೋಬಾರ್ದಾ?" ಅಂದಿದ್ದರು. ಅಷ್ಟೇ. ಮಾರನೆಯ ದಿನದಿಂದ ಟೀಚರ್ ಬಾಗಿಲಿಗೆ ಬಂದರೆ ಸಾಕು, ಹುಡುಗರೇ ತಿರುಗಿ ಅವಳನ್ನು ನೋಡುತ್ತಿದ್ದರು. ಅವಳು ಚೀಲ ಎತ್ತಿಕೊಂಡು ನಡೆಯುತ್ತಿದ್ದಳು.

ಸ್ನೇಹಲ್ ದಿನಾ ಸ್ನಾನ ಮಾಡುತ್ತಿದ್ದಳು. ಆ ಮಾತು ಕೇಳಿದ ಮೇಲೆ ನಳ ಬರುವ ಹೊತ್ತಿಗೇ ಎದ್ದು ಎರಡೆರಡು ಬಾರಿ ಸಾಬೂನು ತಿಕ್ಕಿಕೊಂಡಳು. ಮೊಣಕೈ ಕೆಂಪಾಯಿತು. ಟೀಚರ ಸೆರಗು ಮೂಗಿನಿಂದ ಇಳಿಯಲಿಲ್ಲ. ಇದು ಮೈಯ ನಾತದ ಮಾತಲ್ಲ ಎಂದು ತಿಳಿಯಲು ಅವಳಿಗೆ ಒಂದು ವಾರ ಹಿಡಿಯಿತು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಗದಿಗೆಪ್ಪ, ಉದ್ಯೋಗ ಗಟಾರ ಸಫಾಯಿ ಎಂದು ಬರೆದಿತ್ತು. ನಾತ ಆ ಕಾಗದದಿಂದ ಬರುತ್ತಿತ್ತು.

ಶಾಲೆ ಕನ್ನಡದ್ದು. ಕನ್ನಡ ಸಂಘದವರು ನಡೆಸುವಂಥದ್ದು. ಸಂಘದ ಕಾರ್ಯದರ್ಶಿ ರಾಮಸ್ವಾಮಿಯವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಸರಸ್ವತಿ ಟೀಚರ ಮಗಳು ಭಾವನಾ ಕೂಡ ಅಲ್ಲಿಗೇ. ಆದರೆ ಪ್ರತಿ ಬೇಸಿಗೆಯಲ್ಲಿ ಇವರಿಬ್ಬರೂ ಘಾಟ್ಕೋಪರಿನ ಗುಡ್ಡದ ಮೇಲಿನ ಚಾಳಿಗೆ ಏದುಸಿರು ಬಿಡುತ್ತ ಹತ್ತಿ ಬಂದು, "ನಮ್ಮ ಭಾಷೆ ಉಳೀಬೇಕು ಕಣಮ್ಮ, ಮಕ್ಕಳನ್ನ ಕಳಿಸಿಕೊಡಿ" ಎಂದು ಕೈ ಮುಗಿಯುತ್ತಿದ್ದರು. ವಿಜಯಪುರದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತ ಜನ ಕಳಿಸುತ್ತಿದ್ದರು. ಆರನೆಯ ಇಯತ್ತೆಯ ಇಪ್ಪತ್ತೊಂದು ಮಕ್ಕಳಲ್ಲಿ ಒಂಬತ್ತು ಆ ಚಾಳಿನವು. ಸಂಖ್ಯೆ ಇಪ್ಪತ್ತರ ಕೆಳಗೆ ಇಳಿದರೆ ತರಗತಿಗೆ ಬೀಗ ಬೀಳುತ್ತದೆಂಬ ಭಯ ಸಂಘಕ್ಕೆ. ಬೇಸಿಗೆಯಲ್ಲಿ ಕೈ ಮುಗಿದವರು ಮಳೆಗಾಲದಲ್ಲಿ ಮೂಗು ಮುಚ್ಚುತ್ತಿದ್ದರು.

ಸರಸ್ವತಿ ಟೀಚರ್ ಪ್ರಾಚೀನ ಇತಿಹಾಸವನ್ನು ತಮ್ಮ ಮನೆಯ ಆಸ್ತಿಪತ್ರ ಓದುವ ಹಾಗೆ ಓದುತ್ತಿದ್ದರು. "ನಮ್ಮ ಪೂರ್ವಜರು" ಎಂದು ಶುರು ಮಾಡುತ್ತಿದ್ದರು. ಆಗ ಅವರ ಕಣ್ಣು ಮೊದಲ ಎರಡು ಬೆಂಚುಗಳ ಮೇಲೆ ಓಡಾಡುತ್ತಿತ್ತು. ಕೊನೆಯ ಬೆಂಚಿನ ತನಕ ಬರುತ್ತಿರಲಿಲ್ಲ. ಪೂರ್ವಜರು ಅಷ್ಟು ದೂರ ನಡೆಯುತ್ತಿರಲಿಲ್ಲ.

ಹಾಗಿದ್ದರೂ ಹರಪ್ಪಾ ಪಾಠದ ದಿನ ಸ್ನೇಹಲ್ ನೆಟ್ಟಗೆ ಕೂತಳು. ನೇರ ಬೀದಿ, ಸುಟ್ಟ ಇಟ್ಟಿಗೆ, ಮನೆಮನೆಗೆ ಬಚ್ಚಲು. ಬಚ್ಚಲಿನ ನೀರು ಬೀದಿಯ ಮುಚ್ಚಿದ ಚರಂಡಿಗೆ. ಚರಂಡಿಗೆ ಅಲ್ಲಲ್ಲಿ ಕಲ್ಲಿನ ಮುಚ್ಚಳ. "ಮುಚ್ಚಳ ತೆಗೆದು ಚರಂಡಿಯನ್ನ ಆಗಾಗ ಶುಚಿ ಮಾಡಲಾಗ್ತಿತ್ತು. ಐದು ಸಾವಿರ ವರ್ಷದ ಹಿಂದೆ! ಪ್ರಪಂಚ ಇನ್ನೂ ಕಣ್ಣೇ ಬಿಟ್ಟಿರಲಿಲ್ಲ" ಎಂದರು ಟೀಚರ್.

ಇತಿಹಾಸದಲ್ಲಿ ತನಗೆ ಗೊತ್ತಿರುವ ವಿಷಯ ಬಂದದ್ದು ಅದೇ ಮೊದಲು. ಅವಳಿಗೆ ಮುಚ್ಚಳ ಗೊತ್ತಿತ್ತು. ಮುಚ್ಚಳ ಎತ್ತುವ ಕೊಕ್ಕೆ ಗೊತ್ತಿತ್ತು. ಎತ್ತಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಎನ್ನುವುದೂ ಗೊತ್ತಿತ್ತು. ಅವಳು ಕೈ ಎತ್ತಿದಳು.

"ಟೀಚರ್, ಒಳಗ ಯಾರು ಇಳೀತಿದ್ರು?"

"ಏನು?"

"ಆ ಮುಚ್ಚಳ ತಗದು... ಸ್ವಚ್ಛ ಮಾಡಾಕ ಒಳಗ ಇಳಿಯವ್ರು ಯಾರ್ರಿ?"

ತರಗತಿ ನಕ್ಕಿತು. ಮೊದಲ ಬೆಂಚಿನ ತುಷಾರ್ ಹಿಂದೆ ತಿರುಗಿ, "ತೇರಾ ಖಾನ್‌ದಾನ್!" ಎಂದ. ಟೀಚರ್ ಅವನನ್ನು ಗದರಲಿಲ್ಲ. ತುಟಿ ಕೊಂಚ ಅಗಲ ಮಾಡಿ ಅಂದರು: "ಇತಿಹಾಸ ಅಂದ್ರೆ ಪುರಾವೆ. ಪುರಾವೆ ಸಿಕ್ಕಿರೋದು ಚರಂಡಿಗೆ. ಯಾರು ಇಳಿದ್ರು ಅನ್ನೋದಕ್ಕೆ ಪುರಾವೆ ಇಲ್ಲ. ಬೇಕಿದ್ರೆ ನಿಮ್ಮಪ್ಪನ್ನ ಕೇಳು, ಅವರಿಗೆ ಗೊತ್ತಿರತ್ತೆ."

ನಗು ಇನ್ನೂ ಜೋರಾಯಿತು. ಅಂದಿನಿಂದ ಅವಳ ಹೆಸರು ಮೊಹೆಂಜೊ. ನೀರಿನ ಟಾಕಿಯ ಹತ್ತಿರ ಮೊಹೆಂಜೊ. ಮೆಟ್ಟಿಲ ಮೇಲೆ ಮೊಹೆಂಜೊ. "ಏ ಮೊಹೆಂಜೊ, ದೂರ ನಿಂದ್ರು, ನನ್ನ ಡಬ್ಬಿ ಓಪನ್ ಐತಿ."

ಅವಳು ಅಪ್ಪನನ್ನು ಕೇಳಿಯೇ ಬಿಟ್ಟಳು.

ಗದಿಗೆಪ್ಪ ಹೊಸ್ತಿಲಲ್ಲಿ ಕೂತು ಕಾಲ ಬೆರಳ ಸಂದಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಇಪ್ಪತ್ತು ವರ್ಷ ಕೊಳಚೆಯಲ್ಲಿ ನಿಂತ ಕಾಲು. ಉಗುರು ಎಂಟೇ ಉಳಿದಿದ್ದವು. ಅವನು ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು, "ಯಾಂವರೆ ಒಬ್ಬ ಇದ್ದಾನಲ್ಲ ಯವ್ವಾ. ಗಟಾರ ಇದ್ದ ಮ್ಯಾಲ ಇಳಿಯಾಂವ ಇರಬೇಕಲ್ಲ. ಅವನ ಹೆಸರು ಯಾರು ಬರದಿಡ್ತಾರ?" ಅಂದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಚನ್ನವ್ವನ ಕೈ ನಿಂತಿತು. "ಸೋಮನಾಥನ ಹೆಸರು ಬರದ್ರೇನು?" ಅಂದಳು.

ಸೋಮನಾಥ ಗದಿಗೆಪ್ಪನ ತಮ್ಮ. ಎರಡು ವರ್ಷದ ಹಿಂದೆ ಒಂದು ಹೌಸಿಂಗ್ ಸೊಸೈಟಿಯ ಗಟಾರದ ಚೇಂಬರಿಗೆ ಇಳಿದವನು ತಾನಾಗಿ ಮೇಲೆ ಬರಲಿಲ್ಲ. ಒಳಗಿನ ಗ್ಯಾಸು ಅವನನ್ನು ಕೂಗಲೂ ಬಿಡಲಿಲ್ಲ. ಹಗ್ಗ ಹಿಡಿದು ಮೇಲೆ ನಿಂತಿದ್ದವನು ಗದಿಗೆಪ್ಪನೇ. ಮರುದಿನದ ಪೇಪರಿನಲ್ಲಿ ನಾಲ್ಕು ಸಾಲು ಬಂತು. ಸೊಸೈಟಿಯ ಹೆಸರಿತ್ತು, ರಸ್ತೆಯ ಹೆಸರಿತ್ತು. ಸೋಮನಾಥ ಇದ್ದದ್ದು "ಒಬ್ಬ ಕಾರ್ಮಿಕ" ಎಂದು. ಆ ದಿನ ಚನ್ನವ್ವ ಗಂಡನ ಕೈಯನ್ನು ಎಳೆದು ಮಗಳ ತಲೆಯ ಮೇಲೆ ಇಡಿಸಿದ್ದಳು. ಇನ್ನು ಮೇಲಿನ ಕೆಲಸ ಮಾತ್ರ. ಬಕೆಟ್ ಎಳೆಯುವುದು, ಬಿದಿರಿನ ಉದ್ದ ಸೀಳು ಖಪಚಿ ತಳ್ಳುವುದು. ಒಳಗೆ ಕಾಲಿಡುವುದಿಲ್ಲ. ಗದಿಗೆಪ್ಪ ಆ ಮಾತು ಉಳಿಸಿಕೊಂಡಿದ್ದ. ಠೇಕೇದಾರ ಹದಿನೈದು ದಿನ ಕೆಲಸ ಕೊಡದಿದ್ದಾಗಲೂ ಉಳಿಸಿಕೊಂಡಿದ್ದ.

ದೀಪಾವಳಿ ಕಳೆದ ಮೇಲೆ ಶಾಲೆಗೆ ಐವತ್ತು ವರ್ಷದ ಸಡಗರ ಬಂತು. ಪ್ರದರ್ಶನ ಇಡಬೇಕು. ಸರಸ್ವತಿ ಟೀಚರ್ ಮೊಹೆಂಜೊದಾರೊ ನಗರದ ಮಾಡೆಲ್ ಮಾಡಿಸುವುದಾಗಿ ಮಾತು ಕೊಟ್ಟರು. ಬಿಳಿಯ ಪಿಓಪಿ ಪ್ಲಾಸ್ಟರಿನಲ್ಲಿ ಮನೆ, ಸ್ನಾನದ ಕೊಳ, ಉಗ್ರಾಣ, ನಡುವೆ ಚರಂಡಿ. ಚರಂಡಿಯ ಮುಚ್ಚಳಕ್ಕೆ ದಾರ ಕಟ್ಟಿದ್ದರು. ಎಳೆದರೆ ಮುಚ್ಚಳ ಏಳಬೇಕು, ಒಳಗೆ ನೀಲಿ ಬಣ್ಣದ ನೀರು ಕಾಣಬೇಕು. ನೀಲಿ! ಗಟಾರದ ನೀರು ನೀಲಿ ಇರುತ್ತದೆ ಎಂದು ಸ್ನೇಹಲ್‌ಗೆ ಅಂದೇ ತಿಳಿದದ್ದು.

ಮಾಡೆಲ್ ಕೆಲಸಕ್ಕೆ ತುಷಾರ್, ಶ್ರೇಯಾ, ರೂಪಾಲಿ. ಸ್ನೇಹಲ್‌ಗೆ ಬಕೆಟ್ ತೊಳೆಯುವ ಕೆಲಸ. "ನೀನು ಗಟ್ಟಿ ಹುಡುಗಿ" ಎಂದರು ಟೀಚರ್.

ಪಿಓಪಿ ಕಲಸಿದ ಹತ್ತು ನಿಮಿಷಕ್ಕೆ ಬಿಗಿಯುತ್ತದೆ. ಹುಡುಗರು ಬೇಕಾದದ್ದಕ್ಕಿಂತ ಹೆಚ್ಚು ಕಲಸುವರು, ಆಟ ಆಡುವರು, ಅದು ಬಿಗಿಯತೊಡಗಿದರೆ ಮತ್ತೆ ನೀರು ಸುರಿಯುವರು. ಉಳಿದದ್ದನ್ನು ಏನು ಮಾಡುವುದು? "ಹುಡುಗಿಯರ ಮೋರಿಗೆ ಸುರೀರಿ, ಬೇಗ, ನೆಲ ಗಲೀಜಾಗತ್ತೆ" ಎಂದರು ಟೀಚರ್.

ಸ್ನೇಹಲ್ ಬಕೆಟ್ ಹಿಡಿದು ನಿಂತಳು. "ಟೀಚರ್, ಮೋರಿಗೆ ಬ್ಯಾಡ್ರಿ. ಅದು ನೀರಾಗೂ ಗಟ್ಟಿ ಆಗ್ತೈತಿ. ಪೈಪಿನೊಳಗ ಕಲ್ಲ ಆಗ್ತೈತಿ. ನಮ್ಮಪ್ಪ ಹೇಳ್ಯಾನ. ಗಣಪತಿ ಮಾಡೋ ಕಾರ್ಖಾನಿ ಹಿಂದ ಹಿಂಗ ಆಗಿತ್ತಂತ."

ಟೀಚರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಐದು ಸಾವಿರ ವರ್ಷದ ಚರಂಡಿ ಪಾಠ ಮಾಡೋಳು ನಾನು. ನೀನು ನನಗೆ ಚರಂಡಿ ಹೇಳ್ಕೊಡ್ತೀಯಾ? ಸುರಿ ಅಂದ್ರೆ ಸುರಿ."

ಅವಳು ಸುರಿಯಲಿಲ್ಲ. ಬಕೆಟ್ ಕೆಳಗಿಟ್ಟಳು. ತುಷಾರ್ ಅದನ್ನು ಎತ್ತಿಕೊಂಡು ಹೋಗಿ ಸುರಿದ. ಮೂರು ದಿನ, ದಿನಕ್ಕೆ ಐದಾರು ಬಕೆಟ್.

ನಾಲ್ಕನೆಯ ದಿನ ಮೋರಿ ತುಂಬಿ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯರ ಪಾಯಖಾನೆಯಿಂದ ಕಪ್ಪು ನೀರು ಹೊರಗೆ ಬಂದು, ರಂಗೋಲಿ ಹಾಕಲು ಸಾರಿಸಿದ ಅಂಗಳಕ್ಕೆ ಹರಿಯಿತು. ಮಾರನೆಯ ದಿನವೇ ಪ್ರದರ್ಶನ. ವಾರ್ಡ್ ಆಫೀಸಿಗೆ ಫೋನು ಹೋಯಿತು. ಗಟಾರದ ಮಶೀನು ಸೋಮವಾರವೇ ಬರುವುದೆಂದರು. ಅಂದು ಶುಕ್ರವಾರ.

ಕಾರ್ಯದರ್ಶಿ ರಾಮಸ್ವಾಮಿ ಸರ್ ಅಂಗಳದಲ್ಲಿ ಪಂಚೆ ಎತ್ತಿ ಹಿಡಿದು ನಿಂತಿದ್ದರು. ಸರಸ್ವತಿ ಟೀಚರ್ ಅವರ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ಸ್ನೇಹಲ್ ಕಡೆ ನೋಡಿದರು. ಅದುವರೆಗೆ ಕಾರ್ಯದರ್ಶಿಯವರ ಕಣ್ಣು ಅವಳ ತನಕ ಬಂದದ್ದಿಲ್ಲ. ಅಂದು ಬಂತು.

"ಅಪ್ಪಂಗೆ ಫೋನ್ ಮಾಡಮ್ಮ."

"ಮಾಡಂಗಿಲ್ಲ್ರಿ."

"ಏನಂದೆ?"

"ನಮ್ಮಪ್ಪ ಒಳಗ ಇಳಿಯಂಗಿಲ್ಲ್ರಿ. ಬಿಟ್ಟಾನ."

ಫೋನ್ ನಂಬರು ಅರ್ಜಿಯಲ್ಲಿತ್ತು. ಉದ್ಯೋಗದ ಸಾಲಿನ ಕೆಳಗೇ ಇತ್ತು. ಅವರೇ ಮಾಡಿದರು.

ಗದಿಗೆಪ್ಪ ಮುಕ್ಕಾಲು ಗಂಟೆಯಲ್ಲಿ ಬಂದ. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಶಾಲೆಯಿಂದ ಕರೆ ಎಂದರೆ ಮಗಳ ಮಾರ್ಕಿನ ವಿಷಯ ಇರಬಹುದು ಎಂದುಕೊಂಡಿದ್ದ. ಗೇಟಿನ ಹೊರಗೇ ಚಪ್ಪಲಿ ಬಿಟ್ಟ. ಒಳಗೆ ಬಂದು ನೀರು ನೋಡಿದ. ಅವನಿಗೆ ತಿಳಿಯಿತು. ಮುಖದಲ್ಲಿ ಏನೂ ತೋರಲಿಲ್ಲ. ಆ ಮುಖಕ್ಕೆ ಅದು ರೂಢಿಯಾಗಿತ್ತು.

"ಬಾಪ್ಪ ಗದಿಗೆಪ್ಪ. ನಿನ್ನ ಮಗಳ ಶಾಲೆ ಅಂದ್ರೆ ನಿನ್ನ ಶಾಲೆಯೇ ಅಲ್ವೇ" ಎಂದರು ರಾಮಸ್ವಾಮಿ ಸರ್. ಬೇಸಿಗೆಯಲ್ಲಿ ಚಾಳಿಗೆ ಬಂದಾಗಿನ ದನಿ ಅದು.

ಅವನು ಕೊಕ್ಕೆ ತರಿಸಿ ಚೇಂಬರಿನ ಢಕ್ಕಣ ಎತ್ತಿದ. ಕಾವಲಿನವನ ಹತ್ತಿರ ಇದ್ದ ಖಪಚಿ ತಳ್ಳಿದ. ಅದು ಎರಡು ಮೊಳ ಹೋಗಿ ಠಕ್ ಎಂದು ನಿಂತಿತು. ಮತ್ತೆ ತಳ್ಳಿದ. ಠಕ್. ಖಪಚಿಯ ತುದಿ ಎಳೆದು ನೋಡಿದ. ಬಿಳಿ ಪುಡಿ ಅಂಟಿತ್ತು.

"ಪಿಓಪಿ ಐತ್ರಿ. ಕಲ್ಲ ಆಗೇತಿ. ಮ್ಯಾಲಿಂದ ಆಗಂಗಿಲ್ಲ. ಒಳಗ ಇಳದು ಉಳಿ ಹಚ್ಚಿ ಒಡೀಬೇಕು."

"ಇಳಿ ಮತ್ತೆ. ಕತ್ತಲಾಗೋದ್ರೊಳಗೆ ಆಗ್ಲಿ" ಎಂದರು ಟೀಚರ್.

ಎಲ್ಲ ಹುಡುಗರೂ ಜಗುಲಿಯ ಮೇಲೆ ಸಾಲಾಗಿ ನಿಂತಿದ್ದರು. ತುಷಾರ್ ಮೂಗು ಹಿಡಿದು, "ಅಬ್ ದೇಖೋ, ಮೊಹೆಂಜೊ ಕಾ ಬಾಪ್!" ಎಂದ. ಗದಿಗೆಪ್ಪ ಕೇಳದವನಂತೆ ಅಂಗಿಯ ಗುಂಡಿಗೆ ಕೈ ಹಾಕಿದ. ಮೊದಲನೆಯದು ಬಿಚ್ಚಿದ. ಎರಡನೆಯದು.

ಸ್ನೇಹಲ್ ಓಡಿ ಬಂದು ಚೇಂಬರಿನೊಳಗೆ ಬಗ್ಗಿ ನೋಡಿದಳು. ಗಟಾರದ ಗೋಡೆಯ ಮೇಲೆ ಜಿರಳೆ ಓಡಾಡಿಕೊಂಡಿದ್ದರೂ ಒಳಗೆ ಹೋಗಬಹುದು ಎಂದಲ್ಲ. ಜಿರಳೆ ಸತ್ತಿದ್ದರಂತೂ ಒಳಗೆ ಗ್ಯಾಸು ಇದೆ, ಹೋಗಲೇಬಾರದು. ಇಷ್ಟು ಅಪ್ಪ ಕಲಿಸಿದ್ದ. ಗೋಡೆ ಬೋಳಾಗಿತ್ತು. ನೀರಿನ ಮೇಲೆ ಕೆಂಪು ಬೀಜದ ಹಾಗೆ ತೇಲುತ್ತಿದ್ದವು.

"ಅಪ್ಪಾ, ಜಿರಳಿ."

"ನೋಡೇನಿ."

"ಎಲ್ಲಾ ಸತ್ತಾವ."

"ನೋಡೇನಿ ಯವ್ವಾ." ಮೂರನೆಯ ಗುಂಡಿ. ದನಿ ತಗ್ಗಿಸಿ ಹೇಳಿದ, "ನಿನ್ನ ಸಾಲಿ ಐತಿ. ಇಲ್ಲ ಅನ್ನಾಕ ಬಾಯಿ ಬರವಲ್ದು."

ಅವಳು ಅಪ್ಪನ ಕೈಯನ್ನು ಗುಂಡಿಯಿಂದ ಕಿತ್ತು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಎರಡೂ ಕೈಯಿಂದ ಒತ್ತಿ ಹಿಡಿದಳು.

"ಅವ್ವನ ಮುಂದ ಇಲ್ಲೇ ಇಟ್ಟಿದ್ದಿ. ಈಗ ಇಟ್ಟಕೊಂಡ ಇಳಿ."

ಗದಿಗೆಪ್ಪನ ಕೈ ಮಗಳ ಬೈತಲೆಯ ಮೇಲೆಯೇ ಇತ್ತು.

"ಡ್ರಾಮಾ ಎಲ್ಲ ಬೇಡ. ಐದು ನಿಮಿಷದ ಕೆಲಸ" ಎಂದರು ಟೀಚರ್.

ಸ್ನೇಹಲ್ ತಿರುಗಿದಳು. "ಐದ ನಿಮಿಷ ಬೇಕಾಗಂಗಿಲ್ಲ ಟೀಚರ್. ನಮ್ಮ ಕಾಕಾಗ ಎರಡ ಸಾಕಾತು."

ಹುಡುಗಿ ನಿಲ್ಲಿಸಲಿಲ್ಲ. "ಸುರೀಬ್ಯಾಡ್ರಿ ಅಂದೆ. ಸುರದೋರು ನೀವು. ಸುರದೋರ ಇಳೀರಿ. ನಿಮ್ಮ ಪೂರ್ವಜರ ಗಟಾರ ಐತಲ್ಲ, ನೀವ ಇಳೀರಿ!"

ಗದಿಗೆಪ್ಪ ಮಗಳ ತಲೆಯಿಂದ ಕೈ ತೆಗೆದ. ಬಿಚ್ಚಿದ ಮೂರು ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಬೆರಳು ದಪ್ಪ, ಗುಂಡಿ ಸಣ್ಣದು, ಹೊತ್ತು ಹಿಡಿಯಿತು. ಎಲ್ಲರೂ ನೋಡುತ್ತಲೇ ಇದ್ದರು.

"ನಾ ಇಳಿಯಂಗಿಲ್ಲ್ರಿ ಸಾಹೇಬ್ರ."

ರಾಮಸ್ವಾಮಿ ಸರ್ ದನಿ ಬದಲಾಯಿತು. ಬೇಸಿಗೆ ಮುಗಿದಿತ್ತು. "ಟೀಚರಿಗೆ ಎದುರು ಮಾತಾಡೋ ಹುಡುಗಿ ನಮಗೆ ಬೇಡ. ನಾಳೆ ಬೆಳಿಗ್ಗೆ ಬಂದು ಶಾಲೆ ಬಿಡಿಸಿದ ಎಲ್.ಸಿ. ತಗೊಂಡು ಹೋಗು. ನೋಡ್ತೀನಿ ಎಲ್ಲಿ ಓದಿಸ್ತೀಯ ಅಂತ."

ಗದಿಗೆಪ್ಪ ಗ್ಯಾಸು ಹೋಗಲಿ ಎಂದು ಢಕ್ಕಣವನ್ನು ಓರೆಯಾಗಿ ಬಿಟ್ಟ. ಮಕ್ಕಳು ಬೀಳಬಾರದೆಂದು ಸುತ್ತ ನಾಲ್ಕು ಬೆಂಚು ತಂದು ಅಡ್ಡ ಇಟ್ಟ. ಯಾರೂ ಇಡು ಎಂದಿರಲಿಲ್ಲ. ಮಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಲೋಕಲ್ ರೈಲಿನಲ್ಲಿ ಘಾಟ್ಕೋಪರ್ ಬಂದಾಗ ಅವನು, "ಸಾಲಿ ಹೋತಲ್ಲ ಯವ್ವಾ" ಎಂದು ತನ್ನಷ್ಟಕ್ಕೇ ಅಂದುಕೊಂಡ.

ಮಾರನೆಯ ಬೆಳಿಗ್ಗೆ ಶಾಲೆಗೆ ಬಂದವಳು ಚನ್ನವ್ವ. ದೊಡ್ಡ ಬಿಲ್ಡಿಂಗ್ ಒಂದರಲ್ಲಿ ಜಿನೆಯ ಮೆಟ್ಟಿಲು ಒರೆಸುವ ಕೆಲಸ ಅವಳದು. ಅಲ್ಲಿಯ ನೀಲಿ ಕೋಟು ಸೀರೆಯ ಮೇಲೇ ಇತ್ತು. ಪಕ್ಕದಲ್ಲಿ ಸ್ನೇಹಲ್. ಅಂಗಳದಲ್ಲಿ ಫಿನಾಯಿಲು ಸುರಿದಿದ್ದರು. ಅಗರಬತ್ತಿ ಕಂತೆಗಟ್ಟಲೆ ಹಚ್ಚಿದ್ದರು. ನಾತಕ್ಕೆ ಮಲ್ಲಿಗೆ ವಾಸನೆ ಕೂಡಿ ಇನ್ನೂ ಹೇಸಿಗೆಯಾಗಿತ್ತು. ಪಾಯಖಾನೆಗೆ ಬೀಗ. ಗಣ್ಯರು ಬರುವ ಹೊತ್ತು. ರಾಮಸ್ವಾಮಿ ಸರ್ ಕೊರಳಲ್ಲಿ ಬಿಲ್ಲೆ ಹಾಕಿಕೊಂಡು ಆಫೀಸಿನಲ್ಲಿ ಕೂತಿದ್ದರು. ಪಕ್ಕದಲ್ಲಿ ರೇಷ್ಮೆ ಸೀರೆಯ ಸರಸ್ವತಿ ಟೀಚರ್.

"ಎಲ್.ಸಿ. ಕೊಡ್ತೀನಿ ಅಂದಿದ್ರಂತ. ಬಂದೇನಿ. ಕೊಡ್ರಿ."

ಅವರು ಬೇಗ ಮುಗಿಸಿಬಿಡುವ ಅವಸರದಲ್ಲಿ ಕಾಗದ ತೆಗೆದರು. ಹೆಸರು ಬರೆದರು. ಜನ್ಮ ದಿನಾಂಕ ಬರೆದರು.

"ಸ್ನೇಹಲ್, ಅದರಾಗ ಏನೇನು ಐತಿ ಓದು" ಎಂದಳು ಚನ್ನವ್ವ. ಅವಳಿಗೆ ಓದಲು ಬಾರದು.

ಸ್ನೇಹಲ್ ತಲೆಕೆಳಗಾಗಿದ್ದ ಕಾಗದವನ್ನು ಎದುರಿನಿಂದಲೇ ಓದಿದಳು. ಹೆಸರು. ಜಾತಿ. ಇಯತ್ತೆ. ನಡತೆ. ಶಾಲೆ ಬಿಡಲು ಕಾರಣ.

"ಹಾಂ. ಕಾರಣದ ಖಾನೆ. ಅಲ್ಲೆ ಬರೀರಿ," ಚನ್ನವ್ವ ಮೇಜಿನ ಮೇಲೆ ಬೆರಳು ಊರಿದಳು. "ಹುಡುಗಿ ಅಪ್ಪ ಗಟಾರದಾಗ ಇಳೀಲಿಲ್ಲ ಅಂತ ಬರೀರಿ."

ಪೆನ್ನು ನಿಂತಿತು.

"ಏನಮ್ಮಾ, ಹಾಗೆಲ್ಲ ಬರೆಯಕ್ಕಾಗತ್ತಾ?"

"ಯಾಕ ಆಗಂಗಿಲ್ಲ? ಖರೇನ ಐತಲ್ಲ. ಮನಷಾರ್ನ ಇಳಿಸಬಾರ್ದು ಅಂತ ಕಾಯ್ದೆ ಐತಿ. ನನ್ನ ಮೈದುನ ಸತ್ತಾಗ ಪೊಲೀಸ್ ಠಾಣೆದಾಗ ಅದನ್ನ ಹತ್ತ ಸಲ ಕೇಳೇನಿ. ಬಾಯಿಪಾಠ ಆಗೇತಿ. ಬರೀರಿ, ಶಿಕ್ಕಾ ಹೊಡೀರಿ. ಹೊರಗ ನಿಮ್ಮ ದೊಡ್ಡ ಮಂದಿ ಬರಾಕತ್ತಾರ. ಅವ್ರಿಗೆ ತೋರಿಸೇ ಹೋಗ್ತೀನಿ."

"ಧ್ವನಿ ಕಡಿಮೆ ಮಾಡಿ" ಎಂದರು ಸರಸ್ವತಿ ಟೀಚರ್.

"ಬ್ಯಾಸಿಗ್ಯಾಗ ನಮ್ಮ ಚಾಳಿಗೆ ಬಂದು ಮಕ್ಕಳ್ನ ಕೊಡ್ರಿ ಅಂದಾಗ ನೀವು ಕಡಿಮಿ ಮಾಡಿದ್ರೇನ್ರಿ? ಎಲ್ಲಾ ಖೋಲಿಗೂ ಕೇಳಿತ್ತು." ಚನ್ನವ್ವ ಕುರ್ಚಿ ಎಳೆದುಕೊಂಡು ಕೂತಳು. ಆ ಕುರ್ಚಿಯಲ್ಲಿ ಅವಳಂಥವರು ಕೂತದ್ದು ಅದೇ ಮೊದಲು. "ಇನ್ನೊಂದು. ಒಂದ ಎಲ್.ಸಿ. ಬರೀಬ್ಯಾಡ್ರಿ. ಒಂಬತ್ತು ಬರೀರಿ. ನಿನ್ನಿ ರಾತ್ರಿ ಚಾಳಿನ್ಯಾಗ ಎಲ್ಲಾರನೂ ಕೇಳೇನಿ. ಒಂಬತ್ತೂ ಮಂದಿಗೆ ಅದ ಕಾರಣ. ಉಳದ ಹನ್ನೆರಡು ಮಕ್ಕಳ್ನ ಇಟ್ಟಕೊಂಡು ನಿಮ್ಮ ಭಾಷೆ ಉಳಿಸ್ಕೋರಿ."

ರಾಮಸ್ವಾಮಿ ಸರ್ ಮನಸ್ಸಿನಲ್ಲೇ ಇಪ್ಪತ್ತೊಂದರಲ್ಲಿ ಒಂಬತ್ತು ಕಳೆದದ್ದು ಅವರ ಮುಖದ ಮೇಲೆ ಕಂಡಿತು. ಪೆನ್ನಿಗೆ ಟೋಪಿ ಹಾಕಿದರು. ಅರ್ಧ ಬರೆದ ಕಾಗದವನ್ನು ಡ್ರಾಯರಿಗೆ ತಳ್ಳಿದರು. "ಹೋಗ್ಲಿ ಬಿಡಮ್ಮ. ಚಿಕ್ಕ ಹುಡುಗಿ, ಏನೋ ಬಾಯಿ ತಪ್ಪಿ ಅಂದಿದೆ. ನಾವು ಕ್ಷಮಿಸಿದೀವಿ."

"ನೀವು ಕ್ಷಮಾ ಮಾಡಬ್ಯಾಡ್ರಿ. ಅದು ನಿಮ್ಮ ಕೆಲಸ ಅಲ್ಲ" ಎಂದು ಚನ್ನವ್ವ ಎದ್ದಳು. ಜಿನೆ ಒರೆಸುವ ಹೊತ್ತಾಗಿತ್ತು.

ಪ್ರದರ್ಶನ ನಡೆಯಿತು. ಗಣ್ಯರು ಮೂಗಿಗೆ ಕರವಸ್ತ್ರ ಹಿಡಿದು ಮೊಹೆಂಜೊದಾರೊ ನೋಡಿದರು. ಶ್ರೇಯಾ ದಾರ ಎಳೆದಳು. ಮುಚ್ಚಳ ಎದ್ದಿತು. ನೀಲಿ ನೀರು ಕಂಡಿತು. ಚಪ್ಪಾಳೆ ಬಿತ್ತು.

ಸೋಮವಾರ ಮುಂಜಾನೆಯೇ ಮಶೀನು ಬಂತು. ಯಾರೂ ಒಳಗೆ ಇಳಿಯಲಿಲ್ಲ. ಮೇಲಿಂದಲೇ ಅಂಗಳ ಅಗೆದು ಪೈಪು ಒಡೆದರು. ಒಳಗಿಂದ ಬಂದದ್ದು ಮೊಳದುದ್ದದ ಬಿಳಿ ಕೊರಡು, ಪೈಪಿನ ಅಚ್ಚು ಹೊಡೆದ ಹಾಗೆ ಗುಂಡಗೆ. ಮೈಗೆಲ್ಲ ಸತ್ತ ಜಿರಳೆ ಅಂಟಿದ್ದವು. ಕೆಲಸದವರು ಅದನ್ನು ಮಣ್ಣಿನ ಗುಡ್ಡೆಯ ಮೇಲೆ ಎಸೆದರು. ಸ್ನೇಹಲ್ ಟಾಕಿಯ ಹತ್ತಿರ ಒಯ್ದು ತೊಳೆದಳು. ಜಿರಳೆಗಳನ್ನು ಮಾತ್ರ ಕೀಳಲಿಲ್ಲ.

ಮೂರನೆಯ ತಾಸು ಇತಿಹಾಸ. ಟೀಚರ್ ಬಾಗಿಲಿಗೆ ಬಂದರು. ಹುಡುಗರು ರೂಢಿಯಂತೆ ಸ್ನೇಹಲ್ ಕಡೆ ತಿರುಗಿದರು. ಅವಳು ಎದ್ದಳು. ಚೀಲ ಎತ್ತಿಕೊಂಡಳು. ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೆ ನಡೆದು ಮೊದಲ ಬೆಂಚಿನಲ್ಲಿ, ತುಷಾರ್‌ನ ಪಕ್ಕ ಕೂತಳು. ತುಷಾರ್ ಸರಿದ. ಅವಳು ಇನ್ನಷ್ಟು ಸರಿದು ಕೂತಳು.

ಟೀಚರ್ ಅವಳ ತಲೆಯ ಮೇಲಿಂದ ಗೋಡೆ ನೋಡುತ್ತ ಪುಸ್ತಕ ಬಿಡಿಸಿದರು. ಸೆರಗು ಮೂಗಿಗೆ ಹೋಯಿತು.

"ಎಲ್ಲರೂ ತೆಗೀರಿ. ಮುಂದಿನ ಪಾಠ. ವೈದಿಕ ಕಾಲ."

ಸ್ನೇಹಲ್ ಚೀಲದಿಂದ ಬಿಳಿ ಕೊರಡನ್ನು ತೆಗೆದು ಟೀಚರ ಮೇಜಿನ ಮೇಲೆ ಇಟ್ಟಳು. ಠಕ್ ಎಂದಿತು.

"ಏನಿದು?"

"ಪುರಾವೆ ಟೀಚರ್."

ತರಗತಿಯಲ್ಲಿ ಯಾರೂ ನಗಲಿಲ್ಲ. ಚಾಳಿನ ಎಂಟು ಮಕ್ಕಳು ಕೊರಡು ನೋಡಲು ಕತ್ತು ಚಾಚಿದರು.

"ಹಿಂದಿನ ಪಾಠ ಇನ್ನಾ ಮುಗದಿಲ್ಲ್ರಿ" ಎಂದಳು ಸ್ನೇಹಲ್. "ಒಳಗ ಯಾರು ಇಳೀತಿದ್ರು?"

ಟೀಚರ್ ಪುಸ್ತಕದ ಪುಟ ತಿರುವಿದರು. ಸ್ನೇಹಲ್ ಮೊದಲ ಬೆಂಚಿಗೆ ಮರಳಿ ಬಂದು ಕೂತು ಕೈ ಎತ್ತಿದಳು. ಟೀಚರ್ ಓದತೊಡಗಿದರು. ಒಂದು ಸಾಲು ಓದಿದರು, ಎರಡು ಸಾಲು ಓದಿದರು. ಕೈ ಹಾಗೆಯೇ ಇತ್ತು. ಹಿಂದಿನ ಬೆಂಚಿನಲ್ಲಿ ಇನ್ನೊಂದು ಕೈ ಎದ್ದಿತು.